ಪಂಚಮಿಗೆ ಬಾ ಅಂತಾಳೆ ಅವ್ವ, ಸಹಿ ಬೇಕು ಅಂತಾನೆ ಅಣ್ಣ

ಪ್ರಶ್ನೆ: ನನಗೆ 26 ವರ್ಷ, ಗದಗ ಜಿಲ್ಲೆಯವಳು. ಅಪ್ಪ ತೀರಿಕೊಂಡ ಮೇಲೆ ಮನೆ ಅಣ್ಣನ ಕೈಗೆ ಹೋಯಿತು. ನನ್ನ ಸಂಬಳ, ಎಟಿಎಂ ಕಾರ್ಡ್ ಎಲ್ಲ ಅವನ ಹತ್ತಿರವೇ. ಅಡುಗೆ ತಡವಾದರೆ, ಫೋನಿನಲ್ಲಿ ಮಾತಾಡಿದರೆ ಬೆಲ್ಟಿನಿಂದ ಹೊಡೆತ. ನಾಲ್ಕು ತಿಂಗಳ ಹಿಂದೆ ಉಟ್ಟ ಬಟ್ಟೆಯಲ್ಲೇ ಹುಬ್ಬಳ್ಳಿಗೆ ಬಂದೆ. ಪಿಜಿಯಲ್ಲಿದ್ದೇನೆ, ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ಅಣ್ಣ ಕಾಣೆಯಾದ ದೂರು ಕೊಟ್ಟಿದ್ದಾನಂತೆ. ಅವ್ವ ಫೋನ್ ಮಾಡಿ ಅಳುತ್ತಾಳೆ. 'ಪಂಚಮಿಗೆ ಬಾ, ಅಣ್ಣ ಮೊದಲಿನಂಗಿಲ್ಲ, ಒಂದು ಪೇಪರಿಗೆ ಸಹಿ ಹಾಕಿ ಹೋಗು' ಅನ್ನುತ್ತಾಳೆ. ನನ್ನ ಅಂಕಪಟ್ಟಿಗಳೂ ಅಲ್ಲೇ ಇವೆ. ಹೋಗಿ ಬರಲೇ? ಅವ್ವನನ್ನು ಬಿಟ್ಟು ಬಂದದ್ದು ತಪ್ಪೇ?

ಉತ್ತರ: ಹೋಗಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಆ 'ಒಂದು ಪೇಪರ್' ಹತ್ತಿರ ಕಣ್ಣು ನಿಂತಿತು. ಅಪ್ಪ ಇಲ್ಲ, ಮಗಳು ಮನೆಬಿಟ್ಟಿದ್ದಾಳೆ, ಅಣ್ಣನಿಗೆ ಈಗ ಸಹಿ ಬೇಕಾಗಿದೆ. ಅದು ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನಿಮ್ಮ ಪಾಲು ಬಿಟ್ಟುಕೊಟ್ಟೆ ಅನ್ನುವ ಕಾಗದ ಇರಬಹುದು ಅಂತ ನನ್ನ ಅನುಮಾನ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಅಪ್ಪ ಸ್ವಂತ ದುಡಿದು ಕೊಂಡ ಹೊಲವಾದರೂ, ಉಯಿಲು ಬರೆಯದೆ ಹೋಗಿದ್ದರೆ ಅವ್ವ, ಅಣ್ಣ, ನೀವು ಎಲ್ಲರೂ ಸಮಾನ ವಾರಸುದಾರರು. ನಿಮಗೆ ಹೊಲ ಬೇಕೋ ಬೇಡವೋ, ಅದು ಬೇರೆ ಮಾತು. ಆದರೆ ವಕೀಲರು ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕೋರ್ಟ್ ಆವರಣದಲ್ಲೇ ಅದರ ಕಚೇರಿ ಇರುತ್ತದೆ. 15100ಕ್ಕೂ ಫೋನ್ ಮಾಡಬಹುದು.

ಕೌಟುಂಬಿಕ ದೌರ್ಜನ್ಯ ಕಾನೂನು ಗಂಡನ ಮನೆಗೆ ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಿಲ್ಲ. 2005ರ ಆ ಕಾಯ್ದೆ ಒಂದೇ ಸೂರಿನಡಿ ಬಾಳಿದ ಅಕ್ಕತಂಗಿಯರಿಗೆ, ತಾಯಂದಿರಿಗೂ ಇದೆ. ಹೊಡೆಯುವುದಷ್ಟೇ ಅಲ್ಲ, ದುಡಿದ ದುಡ್ಡು ಕಿತ್ತುಕೊಳ್ಳುವುದೂ ಅದರ ಲೆಕ್ಕದಲ್ಲಿ ದೌರ್ಜನ್ಯವೇ. ಅರ್ಜಿ ಹಾಕಲು ಊರಿಗೆ ಹೋಗಬೇಕಿಲ್ಲ, ಈಗ ಇರುವ ಹುಬ್ಬಳ್ಳಿಯಲ್ಲೇ ಹಾಕಬಹುದು. ಅದಕ್ಕೆ ನೆರವಾಗುವವರು ಸಂರಕ್ಷಣಾಧಿಕಾರಿ; ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಆ ಅಧಿಕಾರಿ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಅಧಿಕಾರಿ, ಹೌದು. ನಿಮ್ಮ ಅಂಕಪಟ್ಟಿ, ವಸ್ತುಗಳನ್ನು ಕೊಡಿಸಲು ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಅದೂ ಬೇಡ ಅನಿಸಿದರೆ ಪರೀಕ್ಷಾ ಮಂಡಳಿಯಿಂದ, ವಿಶ್ವವಿದ್ಯಾಲಯದಿಂದ ನಕಲು ಪ್ರತಿ ತೆಗೆಸಿಕೊಳ್ಳಿ. ಸ್ವಲ್ಪ ಓಡಾಟ, ಸ್ವಲ್ಪ ಫೀಸು, ಅಷ್ಟೇ. ಆ ಕಾಗದಗಳಿಗಾಗಿ ಒಬ್ಬರೇ ಆ ಬಾಗಿಲು ತಟ್ಟಬೇಡಿ.

ಕಾಣೆಯಾದ ದೂರಿಗೆ ಹೆದರಬೇಡಿ. ಗೆಳತಿಯ ಜೊತೆ ಹತ್ತಿರದ ಠಾಣೆಗೆ ಹೋಗಿ, 'ನಾನು ವಯಸ್ಕಳು, ನನ್ನ ಇಷ್ಟದಿಂದ ಹೊರಗಿದ್ದೇನೆ, ಹೊಡೆತ ತಾಳಲಾರದೆ ಬಂದೆ' ಅಂತ ಬರೆದುಕೊಡಿ. ಪಿಜಿ ವಿಳಾಸವನ್ನು ಮನೆಯವರಿಗೆ ಕೊಡಬಾರದು ಅಂತ ಅದರಲ್ಲೇ ಸೇರಿಸಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಇವತ್ತೇ ಮಾಡಬೇಕಾದ್ದು ಇನ್ನೊಂದಿದೆ. ಬ್ಯಾಂಕಿಗೆ, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ಅಣ್ಣನದ್ದಾದರೆ ನಿಮ್ಮ ಓಟಿಪಿಗಳೆಲ್ಲ ಅವನಿಗೇ ಹೋಗುತ್ತಿವೆ. ಮೊದಲು ಅದನ್ನು ಬದಲಿಸಿ, ಹಳೆಯ ಎಟಿಎಂ ಕಾರ್ಡನ್ನು ಬ್ಲಾಕ್ ಮಾಡಿಸಿ. ಫೋನಿನಲ್ಲಿ ಲೊಕೇಶನ್ ಶೇರ್ ಆಗುತ್ತಿದೆಯಾ, ಅದನ್ನೂ ನೋಡಿ. ಅವನು ಪಿಜಿ ಮುಂದೆ ಬಂದು ನಿಂತರೆ 112ಕ್ಕೆ ಫೋನ್ ಮಾಡಿ. ಸಲಹೆ, ತಂಗುವ ಜಾಗ ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ.

ಇನ್ನು ಅವ್ವ. ಪತ್ರದ ನಿಜವಾದ ನೋವು ಅಲ್ಲಿದೆ ಅಲ್ವಾ? ಅವಳು ಅಳುವುದು ನಾಟಕ ಅಂತ ನಾನು ಹೇಳುವುದಿಲ್ಲ. ಅವಳೂ ಅದೇ ಮನೆಯಲ್ಲಿ ದಿನ ಕಳೆಯಬೇಕು, ಮಗ ಪಕ್ಕದಲ್ಲಿ ಕೂತು ಫೋನ್ ಮಾಡಿಸುತ್ತಿರಲೂಬಹುದು. ಅಣ್ಣ ಬದಲಾಗಿದ್ದಾನೆ ಅನ್ನುವುದು ಅವಳ ಆಸೆ. ನಿಜವಾಗಿ ಬದಲಾಗಿದ್ದರೆ ಅಂಕಪಟ್ಟಿಗಳನ್ನು ಅವ್ವನ ಕೈಲಿ ಕಳಿಸಲಿ, ನೋಡೋಣ. ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ. ಇಲ್ಲ. ಅಲ್ಲೇ ಇದ್ದಿದ್ದರೂ ಅವಳ ಕಣ್ಣೀರು ನಿಲ್ಲುತ್ತಿರಲಿಲ್ಲ, ಹೊಡೆತ ನೋಡಿಕೊಂಡು ಅಳುತ್ತಿದ್ದಳು.

ನೀವು ಹೋಗಬೇಡಿ, ಅವಳನ್ನು ಕರೆಸಿಕೊಳ್ಳಿ. ಸಿದ್ಧಾರೂಢ ಮಠದಂಥ ಜನ ಇರುವ ಜಾಗ, ಹಗಲು ಹೊತ್ತು, ಪಿಜಿಯಿಂದ ದೂರ. ಯಾವ ಜಾಗ ಅಂತ ಆವತ್ತು ಬೆಳಗ್ಗೆಯಷ್ಟೇ ಹೇಳಿ. ಗೆಳತಿ ಸ್ವಲ್ಪ ದೂರದಲ್ಲಿ ಕೂತಿರಲಿ. ಸರ್ಕಾರಿ ಬಸ್ಸಿನಲ್ಲಿ ಬಂದರೆ ಅವ್ವನಿಗೆ ಟಿಕೆಟ್ ದುಡ್ಡೂ ಬೇಡ, ಆಧಾರ್ ಕಾರ್ಡ್ ಸಾಕು. ಬರುವಾಗ ಶೇಂಗಾ ಉಂಡಿ ಕಟ್ಟಿಕೊಂಡು ಬಾ ಅನ್ನಿ. ಹೊತ್ತು ಮುಳುಗುವ ಮೊದಲು ನೀವೇ ಬಸ್ಸು ಹತ್ತಿಸಿ ಕಳಿಸಿ.