ಟೈಲ್ ಹಿಂಬದಿಯ ಸೋಗೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಝೆಂಟ್ಯಾಂಗಲ್ ಎಂಬ ಚಿತ್ರ ಬಿಡಿಸುವ ಪದ್ಧತಿಯ ಬಗ್ಗೆ ಇವೆ. ಹೊಸಬರಿಗಾಗಿ ಎರಡು ಮಾತು. ಮೂರೂವರೆ ಇಂಚಿನ ಚೌಕ ಕಾಗದವನ್ನು ಇದರಲ್ಲಿ ಟೈಲ್ ಎನ್ನುತ್ತಾರೆ. ಪೆನ್ಸಿಲಿನಲ್ಲಿ ತೆಳುವಾಗಿ ಒಂದು ಸುತ್ತುಗೆರೆ ಎಳೆದು ಅದರಿಂದ ಟೈಲನ್ನು ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲೂ ಸಣ್ಣ ಗೆರೆಗಳನ್ನು ಒಂದೇ ಲಯದಲ್ಲಿ ತುಂಬುತ್ತಾ ಹೋಗುವುದು ಇದರ ಪದ್ಧತಿ. ರಬ್ಬರ್ ಬಳಸುವಂತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಇದನ್ನು ರೂಪಿಸಿದರು. ಮರಿಯಾ ಅಕ್ಷರ ಕಲಾವಿದೆ. ಅಕ್ಷರದ ಹಿನ್ನೆಲೆಗೆ ವಿನ್ಯಾಸ ತುಂಬುತ್ತಾ ಕುಳಿತಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಅವರು ಹೇಳಿದರಂತೆ. ಹಿಂದೆ ಹಲವು ವರ್ಷ ಸನ್ಯಾಸಿಯಾಗಿ ಬದುಕಿದ್ದ ರಿಕ್, ನೀನು ಹೇಳುತ್ತಿರುವುದು ಧ್ಯಾನದ ಅನುಭವ ಎಂದರಂತೆ. ಪದ್ಧತಿ ಹುಟ್ಟಿದ್ದು ಆ ಮಾತಿನಿಂದ.

ಪ್ರಶ್ನೆ: ನಾನು ಶಿರಸಿ ಬಳಿಯ ಹಳ್ಳಿಯವಳು, ವಯಸ್ಸು 54. ಅಕ್ಟೋಬರಿನಲ್ಲಿ ದಿನಕ್ಕೊಂದು ಮಾದರಿ ಎಂದು 31 ದಿನಗಳ ಪಟ್ಟಿ ಹಿಡಿದು ಬಿಡಿಸಲು ಕುಳಿತೆ. ಆರನೆಯ ದಿನಕ್ಕೇ ಸೋತೆ. ನನ್ನದು ಮಾದರಿಯ ಹಾಗೆ ಬರುವುದಿಲ್ಲ, ಬಂದರೆ ಬರೀ ನಕಲು ಎನಿಸುತ್ತದೆ. ಮನಸ್ಸು ಹಗುರವಾಗಲಿ ಎಂದು ಹಿಡಿದ ಕೆಲಸ ಪರೀಕ್ಷೆಯಂತಾಗಿದೆ. ಸೂಚನೆಗಳನ್ನು ನನಗೆ ಹೊಂದುವಂತೆ ಬದಲಿಸಿಕೊಳ್ಳಬಹುದೇ? ಬದಲಿಸಿದರೆ ಅದು ಆ ಮಾದರಿಯಾಗಿ ಉಳಿಯುತ್ತದೆಯೇ? ನನ್ನ ಆರು ಟೈಲ್‌ಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಆರೂ ಟೈಲ್‌ಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಎರಡು ದಿನ ನೋಡಿದೆ. ಅಚ್ಚುಕಟ್ಟಾಗಿವೆ. ಆದರೆ ಯಾರು ಬಿಡಿಸಿದ್ದು ಎಂದು ಅವುಗಳಿಂದ ಗೊತ್ತಾಗುವುದಿಲ್ಲ. ಮೂರನೆಯ ದಿನ ಅವನ್ನು ಲಕೋಟೆಗೆ ಹಾಕುವಾಗ ನಾಲ್ಕನೆಯದು ಜಾರಿ ಮಗುಚಿ ಬಿತ್ತು. ಹಿಂಬದಿಯಲ್ಲಿ, ಪೆನ್ನಿನಲ್ಲಿ ಶಾಯಿ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ನೀವು ಎಳೆದ ಗೆರೆಗಳಿದ್ದವು. ಬಾಗಿದ ಒಂದು ದಿಂಡು, ಅದರ ಎರಡೂ ಬದಿಗೆ ಒತ್ತೊತ್ತಾಗಿ ಓರೆಗೆರೆಗಳು, ತುದಿಗೆ ಹೋದಂತೆ ಗಿಡ್ಡವಾಗುತ್ತಾ ಹೋಗಿವೆ. ಅಂಥವು ಏಳು. ಅಡಿಕೆ ಸೋಗೆ! ನಿಮಗೆ ಅದು ನೆನಪಿರಲಿಕ್ಕೂ ಇಲ್ಲ.

ಭೂತಗನ್ನಡಿ ಹಿಡಿದು ಎರಡೂ ಬದಿಯನ್ನು ಹೋಲಿಸಿದೆ. ಮುಂಬದಿಯ ಗೆರೆಗಳಲ್ಲಿ ಅಲ್ಲಲ್ಲಿ ಶಾಯಿ ಚುಕ್ಕಿಯಾಗಿ ನಿಂತಿದೆ. ಪೆನ್ನಿನ ಮೊನೆ ಕಾಗದದ ಮೇಲೇ ಇದ್ದಾಗ ಕಣ್ಣು ಮಾದರಿಯ ಕಡೆ ಹೋಗಿ ಬಂದ ಜಾಗಗಳು ಅವು. ನೀವು ಎಷ್ಟು ಸಲ ಅಳುಕಿದ್ದೀರಿ ಎಂದು ಎಣಿಸಬಹುದು. ಹಿಂಬದಿಯ ಏಳು ಸೋಗೆಗಳಲ್ಲಿ ಅಂಥ ಒಂದೇ ಒಂದು ಚುಕ್ಕಿಯೂ ಇಲ್ಲ. ಅಲ್ಲಿ ಕೈ ನಿಲ್ಲದೆ ಓಡಿದೆ. ನಿಮ್ಮ ಶೈಲಿಯನ್ನು ಎಲ್ಲಿಂದಲೋ ತರಬೇಕಾಗಿಲ್ಲ, ಅದನ್ನು ಟೈಲ್ ಮಗುಚಿ ಈ ಕಡೆಗೆ ತಂದರೆ ಸಾಕು.

ಹೇಗೆ ತರುವುದು ಎಂಬುದಕ್ಕೆ ಅದೇ ನಾಲ್ಕನೆಯ ಟೈಲನ್ನೇ ತೆಗೆದುಕೊಳ್ಳುತ್ತೇನೆ. ಅದು ಕ್ರೆಸೆಂಟ್ ಮೂನ್ ಎಂಬ ಮಾದರಿ. ಭಾಗದ ಅಂಚಿಗೆ ಅಂಟಿಕೊಂಡಂತೆ ಅರ್ಧಚಂದ್ರಗಳನ್ನು ಬರೆದು ಕಪ್ಪು ತುಂಬಬೇಕು. ಒಂದೊಂದು ಚಂದ್ರನ ಸುತ್ತಲೂ ಸ್ವಲ್ಪ ಅಂತರ ಬಿಟ್ಟು ಗೆರೆ ಸುತ್ತಬೇಕು. ಈ ಪದ್ಧತಿಯವರು ಅದನ್ನು ಆರಾ ಎನ್ನುತ್ತಾರೆ, ನಾನು ಶಾಲೆಯ ಮಕ್ಕಳಿಗೆ ಪ್ರಭಾವಳಿ ಎಂದೇ ಹೇಳಿಕೊಟ್ಟೆ. ದೇವರ ಹಿಂದಿನ ಪ್ರಭಾವಳಿ ನೋಡಿದ ಮಗುವಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನಡುವಿನಲ್ಲಿ ಗೆರೆಗಳು ಒಂದನ್ನೊಂದು ಮುಟ್ಟುವವರೆಗೆ ಸುತ್ತುತ್ತಾ ಹೋಗುವುದು.

ಈಗ ಈ ಮಾದರಿಯನ್ನು ಮಾದರಿಯಾಗಿಸುವುದು ಯಾವುದು ಎಂದು ಕೇಳಿಕೊಳ್ಳಿ. ಅಂಚಿಗೆ ಅಂಟಿದ ಆಕಾರ, ಅದರ ಸುತ್ತ ಗೆರೆ, ಗೆರೆಗಳು ಕೂಡುವವರೆಗೆ ಸುತ್ತುವುದು. ಇಷ್ಟೇ. ಚಂದ್ರ ಬಂದದ್ದು ಅವರ ಕೈಯಿಂದ. ನೀವು ಚಂದ್ರನ ಜಾಗದಲ್ಲಿ ಅಂಚಿನಿಂದ ಒಳಕ್ಕೆ ಬಾಗಿದ ಒಂದೊಂದು ಗಿಡ್ಡ ಸೋಗೆ ಇಟ್ಟು, ಅದರ ಹೊರಮೈಗೆ ಪ್ರಭಾವಳಿ ಸುತ್ತಿ ನೋಡಿ. ನಾನು ನಿನ್ನೆ ರಾತ್ರಿ ಬಿಡಿಸಿ ನೋಡಿದೆ. ಮೂರನೆಯ ಸುತ್ತಿಗೆ ಸೋಗೆಯ ಹಲ್ಲುಗಳು ಮಾಯವಾಗಿ ನೀರಿನ ಅಲೆಯ ಹಾಗಾಗುತ್ತದೆ. ಮೂಲ ಮಾದರಿಯಲ್ಲಿ ಆ ಅಲೆ ಇಲ್ಲ.

ಇದು ಆ ಮಾದರಿಯಾಗಿ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುತ್ತದೆ. ಈ ಪದ್ಧತಿಯವರೇ ಇಂಥ ರೂಪಾಂತರಕ್ಕೆ ಟ್ಯಾಂಗ್ಲಿಯೇಶನ್ ಎಂದು ಹೆಸರಿಟ್ಟುಕೊಂಡಿದ್ದಾರೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಯಮವೇ ಬೇಡ, ಮನಸ್ಸಿಗೆ ಬಂದಂತೆ ಬಿಡಿಸಿ ಎನ್ನುವವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮುಂದಿನ ಗೆರೆ ಎಲ್ಲಿ ಎಂಬುದನ್ನು ಮಾದರಿಯ ಹೆಜ್ಜೆಗಳೇ ತೀರ್ಮಾನಿಸಿಬಿಟ್ಟಿರುವುದರಿಂದ ಮನಸ್ಸು ಶಾಂತವಾಗುತ್ತದೆ. ಅದನ್ನೂ ತೆಗೆದುಹಾಕಿದರೆ ಪ್ರತಿ ಗೆರೆಗೂ ಯೋಚಿಸುತ್ತಾ ಕೂರಬೇಕಾಗುತ್ತದೆ. ಹಂದರ ಅವರದೇ ಇರಲಿ, ಬಳ್ಳಿ ನಿಮ್ಮದಾಗಲಿ.

31 ಮಾದರಿಗಳ ಪಟ್ಟಿಯನ್ನು ಪಕ್ಕಕ್ಕಿಡಿ. ವಾರಕ್ಕೆ ಒಂದೇ ಮಾದರಿ ಸಾಕು. ಮೊದಲ ದಿನ ಹೇಳಿದ ಹಾಗೆಯೇ ಬಿಡಿಸಿ, ಒಂದು ಗೆರೆಯನ್ನೂ ಬದಲಿಸಬೇಡಿ. ಆ ಹೆಜ್ಜೆಗಳು ಏನು ಮಾಡುತ್ತವೆ ಎಂದು ಕೈಗೆ ತಿಳಿಯಬೇಕಲ್ಲ. ಎರಡನೆಯ ದಿನ ಹೆಜ್ಜೆಗಳನ್ನು ಓದಿ, ಪುಸ್ತಕ ಮುಚ್ಚಿ ಬಿಡಿಸಿ. ಮೂರನೆಯ ದಿನದಿಂದ ಒಂದೊಂದೇ ಸಂಗತಿ ಬದಲಿಸಿ. ಒಂದು ದಿನ ಆಕಾರ, ಇನ್ನೊಂದು ದಿನ ಗೆರೆಗಳ ನಡುವಿನ ಅಂತರ, ಮತ್ತೊಂದು ದಿನ ಕಪ್ಪು ತುಂಬುವ ಜಾಗ. ಎರಡನ್ನು ಒಟ್ಟಿಗೆ ಬದಲಿಸಿದರೆ ಚೆನ್ನಾಗಿ ಬಂದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಮುಗಿದ ಚಿತ್ರವನ್ನು ಎದುರಿಗೆ ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಪ್ಯಾರಡಾಕ್ಸ್ ಎಂಬ ಮಾದರಿಯಿದೆ. ತ್ರಿಕೋನದ ಒಂದು ಮೂಲೆಯಿಂದ ಗೆರೆ ಎಳೆದು ಮುಂದಿನ ಮೂಲೆಗಿಂತ ಕೂದಲೆಳೆಯಷ್ಟು ಈಚೆ ನಿಲ್ಲಿಸುವುದು, ಅಲ್ಲಿಂದ ತಿರುಗಿ ಮುಂದಿನ ಮೂಲೆ. ಎಲ್ಲವೂ ನೇರ ಗೆರೆಗಳೇ, ಆದರೂ ನೋಡುವವರಿಗೆ ಶಂಖ ಸುತ್ತಿಕೊಂಡಂತೆ ಕಾಣುತ್ತದೆ. ಮೂರು ವಾರ ನಾನು ಅದನ್ನು ಒಂದು ಮುದ್ರಿತ ಚಿತ್ರ ನೋಡಿ ನೋಡಿ ಬಿಡಿಸಿದೆ. ಪ್ರತಿ ಗೆರೆಗೂ ಉಸಿರು ಬಿಗಿಹಿಡಿಯುತ್ತಿದ್ದೆ, ಭುಜ ನೋಯುತ್ತಿತ್ತು. ಒಂದು ಸಂಜೆ ವಿದ್ಯುತ್ ಹೋಗಿ, ಚಿಮಣಿ ಬೆಳಕಿನಲ್ಲಿ ಆ ಚಿತ್ರ ಕಾಣದೆ ಹಾಗೆಯೇ ಮುಂದುವರಿಸಿದೆ. ಮೂಲೆಯಿಂದ ಈಚೆ ಬಿಡುವ ಅಂತರ ನನ್ನ ಕೈಯಲ್ಲಿ ದೊಡ್ಡದಾಯಿತು, ಶಂಖ ಬೇಗ ತಿರುಗಿತು. 30 ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಮೇಲೆ ನನ್ನ ಕೈಯ ಅಳತೆ ನನಗೆ ತಿಳಿದದ್ದು ಅಂದು. ಈಗಲೂ ನನ್ನ ಪ್ಯಾರಡಾಕ್ಸ್ ಅಗಲ ಸುತ್ತಿನದೇ.

ಪ್ರಶ್ನೆ: ಇದಕ್ಕೆಂದೇ ಬರುವ ಕಾಗದ, ಜಪಾನಿನ ಪೆನ್ನು ಇಲ್ಲದೆ ಮಾಡಬಹುದೇ? ಬಣ್ಣ ಹಾಕಬಹುದೇ? — ತುಮಕೂರಿನ ವಿದ್ಯಾರ್ಥಿನಿ

ಉತ್ತರ: ಧಾರಾಳವಾಗಿ. ದಪ್ಪ ಡ್ರಾಯಿಂಗ್ ಶೀಟಿನ ಎ4 ಹಾಳೆಯೊಂದರಲ್ಲಿ ಆರು ಟೈಲ್ ಕತ್ತರಿಸಬಹುದು. ಲಗ್ನಪತ್ರಿಕೆಯ ಖಾಲಿ ಬದಿಯೂ ಆದೀತು, ನುಣುಪಾಗಿ ಹೊಳೆಯುವ ಕಾಗದ ಮಾತ್ರ ಬೇಡ, ಶಾಯಿ ಹರಡುತ್ತದೆ. ಅವರು ಹೆಚ್ಚಾಗಿ ಬಳಸುವ ಮೈಕ್ರಾನ್ 01 ಪೆನ್ನಿನ ಗೆರೆ 0.25 ಮಿಲಿಮೀಟರ್. ನಿಮ್ಮ ಊರಿನ ಅಂಗಡಿಯ ತೆಳು ಮೊನೆಯ ಕಪ್ಪು ಜೆಲ್ ಪೆನ್ನು ಸಾಕು, ಆದರೆ ಒಣಗುವ ಮೊದಲು ಕೈ ತಾಗಿಸಬೇಡಿ. ಬಣ್ಣವನ್ನು ಮೊದಲ ತಿಂಗಳು ಮುಟ್ಟಬೇಡಿ. ಯಾವ ಬಣ್ಣ ಎಂಬ ಯೋಚನೆ ಗೆರೆಯ ಗಮನವನ್ನು ಕದಿಯುತ್ತದೆ.

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದರು. ಈಗ ಕೈ ನಡುಗುತ್ತದೆ. ಮೊಮ್ಮಗಳು ಬಿಡಿಸುವುದನ್ನು ನೋಡಿ ತಾವೂ ಕುಳಿತರು. ಚೌಕಳಿ ಹಾಕುವ ಮಾದರಿ ಕೊಟ್ಟೆವು. ಗೆರೆ ಡೊಂಕಾಯಿತೆಂದು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದುಹೋದರು. ಮತ್ತೆ ಕರೆಯಲು ಮನಸ್ಸಾಗುತ್ತಿಲ್ಲ. — ಕಲಬುರಗಿಯ ಓದುಗರು

ಉತ್ತರ: ದಯವಿಟ್ಟು ಕರೆಯಿರಿ. ಅವರು ಕಾಗದವನ್ನು ಹರಿಯಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ತಪ್ಪು ಆ ಸೂಚನೆಯ ಆಯ್ಕೆಯಲ್ಲಿದೆ. ನೇರ ಚೌಕಳಿಯಲ್ಲಿ ಪ್ರತಿ ನಡುಕವೂ ಎದ್ದು ಕಾಣುತ್ತದೆ. ಅವರು ಜೀವನವಿಡೀ ಹಾಸಿದ ಶಹಾಬಾದ್ ಕಲ್ಲನ್ನು ನೆನಪು ಮಾಡಿಕೊಳ್ಳಿ. ಕೈಯಿಂದ ಒಡೆದ ಫರಸಿಯ ಅಂಚು ಎಲ್ಲಿಯಾದರೂ ಗೆರೆ ಹೊಡೆದಂತೆ ಇರುತ್ತದೆಯೇ? ಚೌಕಳಿ ಎನ್ನುವ ಬದಲು ಫರಸಿ ಹಾಸಿ ಎಂದು ಹೇಳಿ. ಒಂದು ಕಲ್ಲು ಬರೆಯುವುದು, ಅದರ ಪಕ್ಕ ಸಂದು ಬಿಟ್ಟು ಇನ್ನೊಂದು, ಮೂಲೆಯಲ್ಲಿ ಉಳಿದ ಜಾಗಕ್ಕೆ ತುಂಡು ಕಲ್ಲು. ಕೊನೆಗೆ ಸಂದುಗಳಿಗೆ ಕಪ್ಪು ತುಂಬುವುದು. ಅಲ್ಲಿ ನಡುಗಿದ ಗೆರೆಯೇ ಕಲ್ಲಿನ ನಿಜವಾದ ಅಂಚು. ಯಾವ ಕಲ್ಲಿನ ಪಕ್ಕ ಯಾವ ಕಲ್ಲು ಕೂರುತ್ತದೆ ಎಂಬುದು ಅವರಿಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು. ಈ ಪದ್ಧತಿಯಲ್ಲಿ ಟಿಪಲ್ ಎಂಬ ಮಾದರಿ ಇದಕ್ಕೆ ಹತ್ತಿರದ್ದು. ದೊಡ್ಡ, ಸಣ್ಣ ಗುಂಡುಗಳನ್ನು ಒತ್ತಾಗಿ ಬರೆದು ನಡುವಿನ ಜಾಗಕ್ಕೆ ಕಪ್ಪು ತುಂಬುತ್ತಾರೆ. ಬೇಸರವಾದ ದಿನ ಅದನ್ನು ಕೊಡಿ.

ಟೈಲ್ ಆರು ಇಂಚಿನದಿರಲಿ. ಅದನ್ನು ಅಂಟುಪಟ್ಟಿಯಿಂದ ಮೇಜಿಗೆ ಅಂಟಿಸಿ, ಮೊಣಕೈವರೆಗೆ ಕೈ ಮೇಜಿನ ಮೇಲೆ ಒರಗಲಿ. ದಪ್ಪ ಹಿಡಿಯ ಪೆನ್ನು ಕೊಡಿ, ಸಿಗದಿದ್ದರೆ ಸಾಮಾನ್ಯ ಪೆನ್ನಿಗೆ ಬಟ್ಟೆ ಸುತ್ತಿ. ನಡುಕಕ್ಕೆ ವೈದ್ಯರು ಹೇಳಿದ ಔಷಧ ಅದರ ಪಾಡಿಗೆ ನಡೆಯಲಿ, ಇದು ಅದಕ್ಕೆ ಬದಲಿಯಲ್ಲ. ಮೊದಲ ಫರಸಿ ಟೈಲ್ ಆದಾಗ ಮೊಮ್ಮಗಳ ಕೈಯಿಂದ ನನಗೊಂದು ಕಾರ್ಡು ಬರೆಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ಧಾರವಾಡದವಳು, ಮ್ಯಾಸಚೂಸೆಟ್ಸ್‌ಗೆ ಬಂದು ಒಂಬತ್ತು ವರ್ಷ. ಇಲ್ಲಿ ಗೆಳತಿಯರ ಜೊತೆ ವಾರಕ್ಕೊಮ್ಮೆ ಟೈಲ್ ಬಿಡಿಸುತ್ತೇನೆ. ನನ್ನ ಕೈ ಎಲ್ಲ ಸೂಚನೆಯನ್ನೂ ಕಸೂತಿಯ ಕಡೆಗೆ ಎಳೆಯುತ್ತದೆ. ಗೋಪುರ, ತೇರು ಬಂದುಬಿಡುತ್ತವೆ. ಇದು ಝೆಂಟ್ಯಾಂಗಲ್ ಅಲ್ಲ ಎಂದು ಗೆಳತಿಯೊಬ್ಬಳು ಹೇಳಿದಳು. ಹೌದೇ?

ಉತ್ತರ: ನಿಮ್ಮ ಗೆಳತಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಪದ್ಧತಿಯಲ್ಲಿ ಗುರುತಿಸಬಹುದಾದ ವಸ್ತುವಿನ ಚಿತ್ರ ಬರುವುದಿಲ್ಲ. ಟೈಲ್‌ಗೆ ಮೇಲು, ಕೆಳಗು ಇರುವುದಿಲ್ಲ, ಹೇಗೆ ತಿರುಗಿಸಿದರೂ ಸರಿ. ತೇರಿಗೆ ಕಳಸ ಮೇಲೆ, ಗಾಲಿ ಕೆಳಗೆ ಇರಲೇಬೇಕು. ಆದ್ದರಿಂದ ತೇರನ್ನು ಬಿಡಿ, ತೇರನ್ನು ಕಟ್ಟಿದ ಹೊಲಿಗೆಯನ್ನು ಇಟ್ಟುಕೊಳ್ಳಿ.

ನಾನೂ ಧಾರವಾಡದವಳೇ. ನನ್ನ ತಾಯಿ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆಗಳು ನಿಮಗೆ ಗೊತ್ತೇ ಇರುತ್ತವೆ. ಬಟ್ಟೆಯ ಮೇಲೆ ಮೊದಲು ನಕ್ಷೆ ಬರೆಯುವುದಿಲ್ಲ, ಎಳೆ ಎಣಿಸುತ್ತಾ ಹೋಗುತ್ತಾರೆ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ, ಮತ್ತೊಂದು ಹೊಲಿಗೆ. ಸಾಲಿನ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಖಾಲಿ ಬಿಟ್ಟದ್ದನ್ನು ತುಂಬುವುದು. ತಾಯಿ ಹೋಗುವಾಗ ತುಟಿ ಅಲುಗಿಸುತ್ತಾ ಎಣಿಸುತ್ತಿದ್ದರು, ಬರುವಾಗ ಎಣಿಕೆ ಇರುತ್ತಿರಲಿಲ್ಲ, ನಮ್ಮ ಜೊತೆ ಮಾತಾಡುತ್ತಿದ್ದರು. ಏನಾದರೂ ಕೇಳಬೇಕಿದ್ದರೆ ನಾವು ಮಕ್ಕಳು ಆ ಮರಳುವ ಸಾಲಿಗಾಗಿ ಕಾಯುತ್ತಿದ್ದೆವು.

ಅದನ್ನು ಪೆನ್ನಿನಲ್ಲಿ ಮಾಡಿ. ಮುಂದಿನ ವಾರ ನಿಮ್ಮ ಗುಂಪಿನಲ್ಲಿ ಕೇಡೆಂಟ್ ಮಾದರಿ ತೆಗೆದುಕೊಳ್ಳಿ. ಸಾಲುಸಾಲಾಗಿ ಸಣ್ಣ ಗುಂಡುಗಳನ್ನಿಟ್ಟು ಅವನ್ನು ಬಳುಕುವ ಗೆರೆಗಳಿಂದ ಕೂಡಿಸುವ ಮಾದರಿ ಅದು, ಚುಕ್ಕಿ ರಂಗೋಲಿ ಹಾಕಿದ ಕೈಗೆ ಹೊಸದೇನೂ ಅಲ್ಲ. ಗುಂಡುಗಳ ಸಾಲು ಹಾಗೆಯೇ ಇರಲಿ. ಕೂಡಿಸುವಾಗ ಮಾತ್ರ ಮೊದಲ ಸಲ ಒಂದು ಬಿಟ್ಟು ಒಂದು ಜಾಗದಲ್ಲಿ ಗೆರೆ ಎಳೆಯುತ್ತಾ ಸಾಲಿನ ತುದಿಗೆ ಹೋಗಿ, ಟೈಲ್ ತಿರುಗಿಸಿ, ಬರುವಾಗ ಉಳಿದವನ್ನು ತುಂಬಿ. ಬಳುಕುವ ಗೆರೆಯ ಬದಲು ಮುರ್ಗಿಯ ಮೆಟ್ಟಿಲು ಗೆರೆ ಹಾಕಿದರೂ ಸರಿ. ಗೋಪುರ ಎಲ್ಲೂ ಕಾಣುವುದಿಲ್ಲ, ಆದರೆ ಧಾರವಾಡದವರು ನೋಡಿದರೆ ಇದು ಕಸೂತಿ ಗೊತ್ತಿರುವ ಕೈ ಎಂದು ಹೇಳಿಯಾರು. ಒಂದು ಎಚ್ಚರಿಕೆ: ಝೆಂಟ್ಯಾಂಗಲ್ ನೋಂದಾಯಿತ ಹೆಸರು. ಮುಂದೆ ನಿಮ್ಮ ಕಸೂತಿ ರೂಪಗಳನ್ನು ಹಣ ಪಡೆದು ಕಲಿಸುವುದಾದರೆ ಬೇರೆ ಹೆಸರಿಟ್ಟುಕೊಳ್ಳಿ.

ಗವಂತಿ ಚೆನ್ನಾಗಿದ್ದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಹೊಲಿಗೆ ಪರೀಕ್ಷಿಸುವಾಗ ತಾಯಿ ಮೊದಲು ಸೆರಗನ್ನು ಮಗುಚುತ್ತಿದ್ದರು. ನಿಮ್ಮ ಟೈಲ್‌ನ ಫೋಟೊ ಕಳುಹಿಸುವಾಗ ಹಿಂಬದಿಯದ್ದನ್ನೂ ಕಳುಹಿಸಿ, ಪೆನ್ನು ಪರೀಕ್ಷಿಸಿದ ಗೆರೆಗಳಿದ್ದರೆ ಅಳಿಸದೆ ಹಾಗೆಯೇ ಇರಲಿ.