ಸ್ಪ್ಯಾನಿಷ್‌ನ ‘ಲೆವಂತಾರ್ಸೆ’ಯಂಥ (ಏಳುವುದು) ಕ್ರಿಯಾಪದಗಳ ಕಂಡೀಷನಲ್ (‘ಹಾಗಾದರೆ ಹೀಗೆ ಮಾಡುವೆ’ ಎನ್ನುವ ರೂಪ) ಪಟ್ಟಿಯನ್ನು ಬಾಯಿಪಾಠ ಮಾಡುವುದು ಹೇಗೆ?

ಮಾಡಲೇಬೇಡಿ. ರಿಫ್ಲೆಕ್ಸಿವ್, ಅಂದರೆ ನಮ್ಮ ‘ಬಾಚಿಕೊಳ್ಳು’ವಿನಂತೆ ಮಾಡುವವರಿಗೇ ತಿರುಗುವ ಕ್ರಿಯಾಪದಗಳಿಗೆಂದು ಬೇರೆ ಪಟ್ಟಿಯೇ ಇಲ್ಲ. ಆದರೆ ಕಂಡೀಷನಲ್ ಮಾಡುವ ‘ಈಯಾ’ ಎಂಬ ಪ್ರತ್ಯಯವನ್ನು ‘ಸೆ’ಗಿಂತ ಮೊದಲು ಸೇರಿಸಬೇಕೋ ಆಮೇಲೆ ಸೇರಿಸಬೇಕೋ ಎಂಬ ನಿಮ್ಮ ಗೊಂದಲವಿದೆಯಲ್ಲ, ಅಂಥದೇ ‘ಸೆ’ಯ ಗೊಂದಲದಿಂದ ನಾನೊಂದು ಕೆಲಸವನ್ನೇ ಕಳೆದುಕೊಂಡಿದ್ದೇನೆ.

ಎಂಟು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಕಂಪನಿಗೆ ಮೆಕ್ಸಿಕೊದ ಗ್ರಾಹಕರೊಡನೆ ಮಾತಾಡುವವರು ಬೇಕಿತ್ತು. ಕೊನೆಯ ಸುತ್ತಿನ ಸಂದರ್ಶನ ಫೋನಿನಲ್ಲಿ. ಅಲ್ಲಿ ಬೆಳಗು, ಇಲ್ಲಿ ರಾತ್ರಿ. ಆ ಕಡೆಯ ಹೆಂಗಸು ಕೇಳಿದರು: ತರಬೇತಿಗೆಂದು ಮೆಕ್ಸಿಕೊದ ಮೊಂತೆರ್ರೇಯ್ ನಗರಕ್ಕೆ ಕಳಿಸಿದರೆ ಆರು ತಿಂಗಳು ‘ಸೆ ಕೆದರೀಯಾ?’ ಅಂದರೆ, ‘ಉಳಿದುಕೊಳ್ಳುತ್ತೀರಾ?’ ನಾನು ಉತ್ಸಾಹದಿಂದ ‘ಸೀ, ಸೆ ಕೆದರೀಯಾ’ ಎಂದೆ. ಒಂದು ಕ್ಷಣ ಮೌನ. ‘ಕಿಯೆನ್?’ ಎಂದರು. ಯಾರು? ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಅದನ್ನೇ ಇನ್ನಷ್ಟು ಜೋರಾಗಿ ಹೇಳಿದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ವಾರದ ನಂತರ ಪತ್ರ ಬಂತು: ಪ್ರಯಾಣಕ್ಕೆ ಒಪ್ಪುವವರೇ ಬೇಕಾಗಿದ್ದಾರೆ, ಕ್ಷಮಿಸಿ. ಒಪ್ಪಿಕೊಂಡೇ ಇದ್ದೆನಲ್ಲ ಎಂದು ತಿಂಗಳುಗಟ್ಟಲೆ ಕೊರಗಿದೆ.

ನಾನು ಹೇಳಬೇಕಿದ್ದದ್ದು ‘ಮೆ ಕೆದರೀಯಾ’. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅದರ ಬೆಲೆ ಕಂಡೀಷನಲ್‌ನಲ್ಲಿ ಬಹಳ ಹೆಚ್ಚು. ವರ್ತಮಾನದಲ್ಲಿ ‘ನಾನು’ ಎಂಬುದಕ್ಕೆ ‘ಕೇದೊ’, ‘ಅವನು’ ಎಂಬುದಕ್ಕೆ ‘ಕೇದಾ’ ಎಂದು ಕ್ರಿಯಾಪದವೇ ಬೇರೆಯಾಗುತ್ತದೆ. ಅಲ್ಲಿ ಮೆ, ಸೆ ಎಂಬ ಸರ್ವನಾಮ ತಪ್ಪಿದರೂ ಕೇಳುವವರು ಸರಿಪಡಿಸಿಕೊಳ್ಳುತ್ತಾರೆ. ಕಂಡೀಷನಲ್‌ನಲ್ಲಿ ನಾನು, ಅವನು, ಅವಳು, ಗೌರವದ ‘ನೀವು’ ಎಲ್ಲಕ್ಕೂ ‘ಕೆದರೀಯಾ’ ಒಂದೇ. ಯಾರು ಎಂಬುದನ್ನು ಹೇಳುವ ಭಾರವೆಲ್ಲ ಕ್ರಿಯಾಪದಕ್ಕೆ ಮೊದಲು ಬರುವ ಆ ಪುಟ್ಟ ಪದದ ಮೇಲಿದೆ. ನನ್ನ ಮಾತು ಅವರಿಗೆ ತಪ್ಪು ವಾಕ್ಯವಾಗಿ ಕೇಳಿಸಲಿಲ್ಲ. ಬೇರೆ ಯಾರೋ ಉಳಿಯುತ್ತಾರೆ ಎಂಬ ಸರಿಯಾದ ವಾಕ್ಯವಾಗಿಯೇ ಕೇಳಿಸಿತು.

ಈ ತಪ್ಪು ನನ್ನ ಕಿವಿಗೆ ಬೀಳದೇ ಹೋದದ್ದಕ್ಕೆ ಕಾರಣ ಕನ್ನಡ ಎಂದು ನಂಬಿದ್ದೇನೆ. ತಲೆ ಬಾಚಿಕೊಳ್ಳುತ್ತೇನೆ, ಬಾಚಿಕೊಳ್ಳುತ್ತೀಯೆ, ಬಾಚಿಕೊಳ್ಳುತ್ತಾರೆ: ನಮ್ಮ ‘ಕೊಳ್ಳು’ ಯಾರಿಗಾದರೂ ‘ಕೊಳ್ಳು’ವೇ, ತುದಿ ಮಾತ್ರ ಬದಲಾಗುತ್ತದೆ. ನನ್ನ ಮನಸ್ಸು ‘ಸೆ’ಯನ್ನೂ ಹಾಗೆಯೇ ಕದಲದ ತುಣುಕೆಂದು ಇಟ್ಟುಕೊಂಡಿತ್ತು. ಸ್ಪ್ಯಾನಿಷ್‌ನಲ್ಲಿ ಅದೂ ಬದಲಾಗುತ್ತದೆ: ಮೆ, ತೆ, ಸೆ, ನೊಸ್, ಓಸ್, ಸೆ. ಮೆಕ್ಸಿಕೊದವರೊಡನೆ ಮಾತ್ರ ಮಾತಾಡುವುದಾದರೆ ‘ಓಸ್’ ಬಿಡಿ, ಅಲ್ಲಿ ಬಳಕೆಯಿಲ್ಲ.

ನಿಮ್ಮ ‘ಲೆವಂತಾರ್ಸೆ’ಗೆ ಬರೋಣ. ಕೊನೆಯ ‘ಸೆ’ಯನ್ನು ಕಿತ್ತು ಮುಂದಕ್ಕೆ ತನ್ನಿ, ಆಳಿಗೆ ತಕ್ಕಂತೆ ಬದಲಿಸಿ. ಉಳಿದ ‘ಲೆವಂತಾರ್’ ಅನ್ನು ಕತ್ತರಿಸದೆ ಅದಕ್ಕೇ ‘ಈಯಾ’ ಸೇರಿಸಿ: ಮೆ ಲೆವಂತರೀಯಾ, ತೆ ಲೆವಂತರೀಯಾಸ್, ನೊಸ್ ಲೆವಂತರೀಯಾಮೊಸ್. ‘ಪೊನೇರ್ಸೆ’ಯಂಥ ಕೆಲವದರಲ್ಲಿ ಮಾತ್ರ ಧಾತು ಮುರಿಯುತ್ತದೆ: ಮೆ ಪೊಂದ್ರೀಯಾ. ಆ ‘ಈ’ಯ (í) ಮೇಲಿನ ಗೆರೆಯನ್ನು ಬರೆಯುವಾಗ ಬಿಡಬೇಡಿ.

ಅಂದ ಹಾಗೆ, ‘ಈಯಾ’ವನ್ನು ‘ಸೆ’ಯ ಆಮೇಲೆ ಸೇರಿಸಿ ಸರ್ವನಾಮವನ್ನು ನಡುವೆ ತುರುಕುವ ನಿಮ್ಮ ಊಹೆ ಬುಡವಿಲ್ಲದ್ದಲ್ಲ. ಹಳೆಯ ಸ್ಪ್ಯಾನಿಷ್‌ನಲ್ಲಿ ಹಾಗೆ ಬರೆಯುತ್ತಿದ್ದರು. ಪೋರ್ಚುಗೀಸಿನ ಔಪಚಾರಿಕ ಬರಹದಲ್ಲಿ ‘ಲೆವಂತಾರ್-ಮೆ-ಇಯಾ’ ಇಂದಿಗೂ ಇದೆ. ಇಂದಿನ ಸ್ಪ್ಯಾನಿಷ್‌ನಲ್ಲಿ ಮಾತ್ರ ಇಲ್ಲ.

ಪಟ್ಟಿಯನ್ನು ಮಡಚಿಟ್ಟು, ಜೊತೆಗೆ ಕಲಿಯುವ ಯಾರನ್ನಾದರೂ ‘ಸೆ’ ಇಟ್ಟು ಪ್ರಶ್ನೆ ಕೇಳಲು ಹೇಳಿ. ಸೆ ಇರೀಯಾ? ಸೆ ಕೆದರೀಯಾ? ಸೆ ಲೆವಂತರೀಯಾ ಎಂದು ಅವರು ಕೇಳಿದಷ್ಟು ಸಲವೂ ನಿಮ್ಮ ಬಾಯಿಂದ ಮೊದಲು ಹೊರಡಬೇಕಾದದ್ದು ‘ಮೆ’. ಒಂದು ತಿಂಗಳು, ದಿನಕ್ಕೆ ಹತ್ತು ಪ್ರಶ್ನೆ. ನನಗೆ ಆ ರಾತ್ರಿಗೆ ಮೊದಲು ಹೀಗೆ ಕೇಳುವವರು ಒಬ್ಬರೂ ಇರಲಿಲ್ಲ.