ಪಂಪ್ ಲೈನಿಗೆ ಹಾಕಿದ ಫಿಲ್ಟರ್ ಹೌಸಿಂಗ್ ಪದೇ ಪದೇ ಸೋರುತ್ತಿದೆ. ಗಟ್ಟಿಯಾಗಿ ಕೂರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ, ಫೋಟೋನೂ ನೋಡಿದೆ. ಧಾರವಾಡದ ಮನೆ. ಸಂಪಿನಿಂದ ಮೇಲಿನ ಟಾಕಿಗೆ ಹೋಗುವ 1 ಇಂಚಿನ ಪೈಪಿನ ನಡುವೆ 20 ಇಂಚಿನ ಜಂಬೋ ಫಿಲ್ಟರ್ ಹಾಕಿಸಿದ್ದೀರಿ. ಪ್ಲಂಬರ್ ಮೂರು ಸಲ ಬಂದು ಟೇಪ್ ಸುತ್ತಿ ಬಿಗಿ ಮಾಡಿ ಹೋಗಿದ್ದಾರೆ. ತಿಂಗಳೊಳಗೆ ಮತ್ತೆ ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಈಗ ಎಂ-ಸೀಲ್ ಹಚ್ಚಿಬಿಡಲೇ ಎಂದು ಕೇಳಿದ್ದೀರಿ.

ಹಚ್ಚಬೇಡಿ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಫೋಟೋ ಇನ್ನೊಮ್ಮೆ ನೋಡಿ. ಹೌಸಿಂಗಿಗೆ, ಅಂದರೆ ಫಿಲ್ಟರಿನ ಹೊರಗಿನ ಡಬ್ಬಿಗೆ, ಗೋಡೆಗೆ ಹಿಡಿಸುವ ಬ್ರ್ಯಾಕೆಟ್ ಇಲ್ಲ. ಅದು ಎರಡು ಕಡೆಯ ಪೈಪಿನಿಂದ ಜೋತುಬಿದ್ದಿದೆ. ನೀರು ತುಂಬಿದ ಜಂಬೋ ಹೌಸಿಂಗ್ ಹತ್ತು ಕೆಜಿಗಿಂತ ಜಾಸ್ತಿಯೇ ತೂಗುತ್ತದೆ. ಅಷ್ಟು ಭಾರವನ್ನು ಎರಡು ಪ್ಲಾಸ್ಟಿಕ್ ಥ್ರೆಡ್‌ಗಳು ಹಗಲೂ ರಾತ್ರಿ ಹೊತ್ತು ನಿಂತಿವೆ. ಹಾಗಾಗಿ ಇದು ಟೇಪಿನ ತಕರಾರಲ್ಲ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಹೈಡ್ರಾಲಿಕ್ ಪ್ರೆಸ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಸೇರಿದ ಹೊಸದರಲ್ಲಿ ಒಂದು ಪ್ರೆಸ್ಸಿನ ಎಣ್ಣೆ ಫಿಲ್ಟರ್ ಇದೇ ಥರ ಸೋರುತ್ತಿತ್ತು. ನಾನು ಎರಡು ಸಲ ನಟ್ ಬಿಗಿ ಮಾಡಿದೆ. ಮೂರನೇ ಸಲ ನಮ್ಮ ಹಿರಿಯ ಫಿಟ್ಟರ್ ಕಾಕಾ ಬಂದು ನೋಡಿದರು. ಫಿಲ್ಟರ್ ಹಿಡಿದಿದ್ದ ಪಟ್ಟಿಯ ಎರಡು ಬೋಲ್ಟ್ ಬಿದ್ದುಹೋಗಿದ್ದವು. "ತಮ್ಮಾ, ಹೋಸು ಎಣ್ಣಿ ತರಾಕ ಐತಿ, ಭಾರ ಹೊರಾಕಲ್ಲ" ಅಂದರು. ಬೋಲ್ಟ್ ಹಾಕಿದರು. ಸೋರಿಕೆ ನಿಂತಿತು, ನಟ್ಟಿಗೆ ಯಾರೂ ಕೈ ಹಚ್ಚಲಿಲ್ಲ. ಎಣ್ಣೆಯಾಗಲಿ ನೀರಾಗಲಿ, ಲೆಕ್ಕ ಒಂದೇ. ಹೌಸಿಂಗನ್ನು ಗೋಡೆ ಹಿಡಿಯಬೇಕು. ಪೈಪು ನೀರನ್ನಷ್ಟೇ ತರಬೇಕು.

ನಿಮ್ಮ ಪೈಪಿನ ಮೇಲೆ ಏನೇನು ಬೀಳುತ್ತಿದೆ ಅಂತ ಹೇಳುತ್ತೇನೆ. ತೂಕ ಒಂದಾಯಿತು. ಎರಡನೆಯದು ಪಂಪಿನ ಒದೆತ. ಸ್ವಿಚ್ ಹಾಕಿದಾಗೆಲ್ಲ ನೀರು ಒಮ್ಮೆಲೇ ನುಗ್ಗುತ್ತದೆ. ಹೌಸಿಂಗ್ ಪಕ್ಕದಲ್ಲೇ ಎಲ್ಬೋ ಇದ್ದರೆ ಅಲ್ಲಿ ನೀರು ತಿರುಗುವಾಗ ಪೈಪು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. 1 ಇಂಚಿನ ಪೈಪಿನ ಒಳಗಿನ ಬಾಯಿ ಸುಮಾರು 5 ಚದರ ಸೆಂ.ಮೀ. ಒತ್ತಡ ಚದರ ಸೆಂ.ಮೀ.ಗೆ 3 ಕೆಜಿ ಇದ್ದರೆ ತಳ್ಳುವ ಬಲ 15 ಕೆಜಿ ಆಯಿತು. ದಿನಕ್ಕೆ ಎರಡು ಸಲ ಅಂದರೂ ತಿಂಗಳಿಗೆ ಅರವತ್ತು ಒದೆತ.

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಅದು ಬಿಸಿಲು. ನಿಮ್ಮ ಪೈಪು ಹೊರಗೋಡೆಯ ಮೇಲೆ ಟೆರೇಸ್‌ವರೆಗೆ ಹೋಗಿದೆ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಬಿಸಿಗೆ ಚೆನ್ನಾಗಿ ಉದ್ದವಾಗುತ್ತದೆ. 6 ಮೀಟರ್ ಪೈಪು 25 ಡಿಗ್ರಿ ಬಿಸಿಯಾದರೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಬೆಳೆದು, ಬೆಳಗಿನ ಜಾವ ಕುಗ್ಗುತ್ತದೆ. ಆ ಎಳೆದಾಟ ಬಂದು ನಿಲ್ಲುವುದು ನಿಮ್ಮ ಹೌಸಿಂಗ್ ಥ್ರೆಡ್ಡಿನ ಮೇಲೆ.

ನಾಲ್ಕನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಕ್ಯಾಂಡಲ್, ಅಂದರೆ ಒಳಗಿನ ಸೋಸುವ ತುಂಡು, ಬದಲಿಸುವಾಗ ಹೌಸಿಂಗಿನ ಕೆಳಭಾಗದ ಬಟ್ಟಲು ಬಿಚ್ಚಲು ಪಾನಾ ಹಾಕುತ್ತೀರಿ. ಒಂದು ಅಡಿ ಉದ್ದದ ಪಾನಾ, 20 ಕೆಜಿ ಬಲ. ಬ್ರ್ಯಾಕೆಟ್ ಇಲ್ಲದಿದ್ದರೆ ಆ ತಿರುಚೆಲ್ಲ ಎರಡೂ ಕಡೆಯ ಎಂಟಿಎ (ಪೈಪನ್ನು ಹೌಸಿಂಗ್ ಬಾಯಿಗೆ ಜೋಡಿಸುವ, ಹೊರಗೆ ಥ್ರೆಡ್ ಇರುವ ಫಿಟ್ಟಿಂಗ್) ಮೇಲೆ ಬೀಳುತ್ತದೆ. ಎಂಟಿಎಯಲ್ಲಿ ಹೌಸಿಂಗ್ ಬಾಯಿಯ ಹತ್ತಿರದ ಥ್ರೆಡ್ಡಿನ ಬುಡ ಬಹಳ ತೆಳು. ಸೀಳು ಅಲ್ಲೇ ಶುರುವಾಗುತ್ತದೆ. ಕೂದಲೆಳೆಯಂಥ ಸೀಳು, ಕಣ್ಣಿಗೆ ಬೀಳುವುದಿಲ್ಲ. ನಿಮ್ಮದು ಪ್ರತಿ ಸಲ ಅದೇ ಕಡೆ ಸೋರುತ್ತಿದೆ ಅಂದಿರಿ ಅಲ್ವಾ? ಆ ಎಂಟಿಎ ಬಿಚ್ಚಿ, ಬೆಳಕಿಗೆ ಹಿಡಿದು, ಥ್ರೆಡ್ಡಿನ ಬುಡವನ್ನು ಸ್ವಲ್ಪ ಬಗ್ಗಿಸಿ ನೋಡಿ. ಸೀಳು ಇದ್ದರೆ ಬಾಯಿ ಬಿಡುತ್ತದೆ. ಸೀಳು ಕಾಣದಿದ್ದರೂ ಹೊಸದೇ ಹಾಕಿ. ಮೂರು ಸಲ ತಿರುಚಿಸಿಕೊಂಡ ಫಿಟ್ಟಿಂಗನ್ನು ನಂಬಬಾರದು.

ಈಗ ಗೋಡೆಯ ವಿಷಯ. ಇದರಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಗದಗಿನಲ್ಲಿ ನಮ್ಮ ಅವ್ವನ ಮನೆ ಹಳೆಯದು, ಕಲ್ಲು-ಮಣ್ಣಿನ ಗೋಡೆ. ಮೇಲೆ ಸಿಮೆಂಟ್ ಗಿಲಾವು ಇತ್ತು, ನೋಡಲು ಗಟ್ಟಿ. 8 ಎಂಎಂ ತೂತು ಹೊಡೆದು, ಪ್ಲಾಸ್ಟಿಕ್ ಪ್ಲಗ್ ಹಾಕಿ, ಬ್ರ್ಯಾಕೆಟ್ ಕೂರಿಸಿ ಬಂದೆ. ಎರಡು ತಿಂಗಳಿಗೆ ಗಿಲಾವಿನ ಸಮೇತ ಬ್ರ್ಯಾಕೆಟ್ ಕಿತ್ತು ಬಂತು. ಪೈಪು ಮುರಿಯಿತು. ಪಂಪು ಓಡುತ್ತಲೇ ಇತ್ತು, ಅವ್ವ ದೇವರ ಮನೆಯಲ್ಲಿದ್ದಳು, ಗೊತ್ತಾಗಲಿಲ್ಲ. ಸಂಪಿನ ನೀರೆಲ್ಲ ಪಡಸಾಲೆಗೆ ಬಂತು. ಜೋಳದ ಚೀಲ ನೆನೆದವು. ಒದ್ದೆ ನೆಲದಲ್ಲಿ ಆಕೆ ಜಾರಿ ಬೀಳಲಿಲ್ಲ, ಅದೊಂದು ಪುಣ್ಯ. ಆ ದಿನದಿಂದ ಗೋಡೆ ಬಡಿದು ನೋಡದೆ ನಾನು ತೂತು ಹೊಡೆಯುವುದಿಲ್ಲ.

ತೂತು ಹೊಡೆಯುವಾಗ ಬರುವ ಪುಡಿ ನೋಡಿ. ಇಟ್ಟಂಗಿಯ ಕೆಂಪು ಪುಡಿ ಅಥವಾ ಕಾಂಕ್ರೀಟಿನ ಬೂದು ಪುಡಿ ಬಂದರೆ ಸರಿ. ಮಣ್ಣು ಬಂದರೆ ಅಲ್ಲಿ ಬೇಡ. ಆರ್‌ಸಿಸಿ ಕಂಬ ಹತ್ತಿರ ಇದ್ದರೆ ಅದೇ ಒಳ್ಳೆಯ ಜಾಗ, ಅಲ್ಲಿ ಆ್ಯಂಕರ್ ಬೋಲ್ಟ್ ಹಾಕಬಹುದು. ಆದರೆ ಹಾಲೋ ಬ್ಲಾಕಿಗೆ ಆ್ಯಂಕರ್ ಬೋಲ್ಟ್ ಹಾಕಬೇಡಿ. ಅದು ಒಳಗೆ ಅರಳಿ ಬ್ಲಾಕನ್ನೇ ಒಡೆಯುತ್ತದೆ. ಮಣ್ಣಿನ ಗೋಡೆಯಾದರೆ ಗೋಡೆಯ ಆಸೆಯನ್ನೇ ಬಿಡಿ. ಅವ್ವನ ಮನೆಗೆ ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ನೆಲದ ಕಾಂಕ್ರೀಟಿನಲ್ಲಿ ಬೋಲ್ಟ್ ಮಾಡಿದೆ. ಇವತ್ತಿಗೂ ಅಲುಗಿಲ್ಲ. ಜಂಬೋ ಹೌಸಿಂಗಿಗೆ ಗೋಡೆಗಿಂತ ನೆಲದ ಸ್ಟ್ಯಾಂಡೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬ್ರ್ಯಾಕೆಟ್ ಕೊಳ್ಳುವಾಗ ಕೈಯಲ್ಲಿ ಬಗ್ಗಿಸಿ ನೋಡಿ. ಬಗ್ಗಿದರೆ ಬೇಡ. ಹೌಸಿಂಗ್ ತಲೆಗೆ ಹಾಕುವ ನಾಲ್ಕು ಸ್ಕ್ರೂ ಜೊತೆಗೇ ಬಂದಿರುತ್ತವೆ, ಅವನ್ನೇ ಹಾಕಿ. ಕಳೆದುಹೋದವು ಎಂದು ಉದ್ದದ ಸ್ಕ್ರೂ ಹಾಕಿದರೆ ಅದು ಒಳಗಿನ ಪ್ಲಾಸ್ಟಿಕ್ ಚುಚ್ಚಿ ತೂತು ಮಾಡುತ್ತದೆ. ಬಟ್ಟಲಿನ ಕೆಳಗೆ ಕ್ಯಾಂಡಲ್ ಇಳಿಸಿ ತೆಗೆಯುವಷ್ಟು ಜಾಗ ಬಿಡಿ. ಬ್ರ್ಯಾಕೆಟ್ ಮೊದಲು ಕೂರಬೇಕು, ಹೌಸಿಂಗ್ ಅದರ ಮೇಲೆ ಕೂರಬೇಕು, ಪೈಪು ಕೊನೆಗೆ ಬರಬೇಕು. ಪೈಪು ಹೌಸಿಂಗ್ ಬಾಯಿಗೆ ತಾನಾಗೇ ಸರಿಯಾಗಿ ಎದುರು ನಿಲ್ಲಬೇಕು. ಎಳೆದು ಕೂರಿಸಬೇಕಾದರೆ ಅಳತೆ ತಪ್ಪಿದೆ, ಪೈಪು ಕತ್ತರಿಸಿ ಮತ್ತೆ ಮಾಡಿ. ಎರಡೂ ಕಡೆ ಅರ್ಧ ಅಡಿ ಒಳಗೆ ಪೈಪಿಗೆ ಒಂದೊಂದು ಕ್ಲಾಂಪ್ ಇರಲಿ. ಬಿಸಿಲಿನ ಕಡೆಯ ಕ್ಲಾಂಪುಗಳು ಪೈಪು ಜಾರುವಷ್ಟು ಸಡಿಲ ಇರಲಿ. ಆ ಕಡೆ ಪೈಪಿಗೆ ಒಂದು ತಿರುವು ಕೊಟ್ಟರೆ ಬೆಳೆದ ಉದ್ದ ಆ ತಿರುವಿನಲ್ಲಿ ಕಳೆದುಹೋಗುತ್ತದೆ.

ಇನ್ನೊಂದು ಮಾತು ನಮ್ಮ ಕಡೆಯ ಮಣ್ಣಿನದು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಇದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆಮಣ್ಣು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನೆಲದೊಳಗಿಂದ ಬರುವ ಪೈಪು ಅದರ ಜೊತೆ ಮೇಲೆ ಕೆಳಗೆ ಆಡುತ್ತದೆ. ಹೌಸಿಂಗ್ ಗಟ್ಟಿ ಕೂತು ಪೈಪು ಅಲುಗಿದರೆ ಮತ್ತೆ ಥ್ರೆಡ್ಡೇ ಸೀಳುತ್ತದೆ. ನಿಮ್ಮ ಸಂಪು ಎರೆಮಣ್ಣಿನಲ್ಲಿದ್ದರೆ, ನೆಲದಿಂದ ಎದ್ದ ಪೈಪಿಗೂ ಹೌಸಿಂಗಿಗೂ ನಡುವೆ ಒಂದು ಅಡಿ ಒತ್ತಡ ತಡೆಯುವ ಹೆಣೆದ ಹೋಸ್ ಹಾಕಿ. ಪಂಪಿನ ನಡುಕವೂ ಅಲ್ಲೇ ನಿಲ್ಲುತ್ತದೆ.

ಥ್ರೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಲಾಸ್ಟಿಕ್ ಬಾಯಿಗೆ ಜಿಐ ನಿಪ್ಪಲ್, ಅಂದರೆ ಸತು ಲೇಪಿಸಿದ ಕಬ್ಬಿಣದ ಥ್ರೆಡ್ ತುಂಡು, ಹಾಕಬೇಡಿ. ಕಬ್ಬಿಣದ ಥ್ರೆಡ್ ಬೆಣೆಯ ಹಾಗೆ ಇರುತ್ತದೆ, ಬಿಗಿ ಮಾಡಿದಷ್ಟೂ ಪ್ಲಾಸ್ಟಿಕ್ ಸೀಳುತ್ತದೆ. ಹಿತ್ತಾಳೆ ಥ್ರೆಡ್ ಕೂರಿಸಿದ ಹೌಸಿಂಗ್ ಸಿಕ್ಕರೆ ಅದನ್ನೇ ತನ್ನಿ, ಸ್ವಲ್ಪ ದುಡ್ಡು ಹೆಚ್ಚಾದರೂ ಪರವಾಗಿಲ್ಲ. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ತೆಳು ಟೇಪಾದರೆ ಆರೆಂಟು ಸುತ್ತು ಸಾಕು. ಕೈಯಿಂದ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಪಾನಾದಿಂದ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಜಾಸ್ತಿ ತಿರುಗಿಸಿ ಹಿಂದಕ್ಕೆ ಬಿಚ್ಚಿದರೆ ಟೇಪ್ ಹಾಳಾಯಿತು, ಕಿತ್ತು ಹೊಸದಾಗಿ ಸುತ್ತಬೇಕು. ಇನ್ನೊಂದು ಗಮನಿಸಿ. ಹೊರದೇಶದ ಕೆಲವು ಹೌಸಿಂಗ್‌ಗಳ ಮೇಲೆ ಎನ್‌ಪಿಟಿ ಎಂದು ಬರೆದಿರುತ್ತದೆ. ನಮ್ಮ ಪೈಪು ಫಿಟ್ಟಿಂಗ್ ಬಿಎಸ್‌ಪಿ. ಇವೆರಡೂ ಬೇರೆ ಬೇರೆ ಥ್ರೆಡ್ ಅಳತೆಗಳು. 1 ಇಂಚಿನಲ್ಲಿ ಎನ್‌ಪಿಟಿಗೆ ಇಂಚಿಗೆ ಹನ್ನೊಂದೂವರೆ ಹಲ್ಲು, ಬಿಎಸ್‌ಪಿಗೆ 11. ಎರಡು ಮೂರು ಸುತ್ತು ಹೋಗಿ ಬಿಗಿಯಾದಂತೆ ಅನಿಸುತ್ತದೆ. ಅದು ನಿಜವಾದ ಬಿಗಿಯಲ್ಲ, ಹಲ್ಲು ಕಚ್ಚಿಕೊಂಡಿರುವುದು. ಬರಹ ಓದಿ ಕೊಳ್ಳಿ.

ಬಟ್ಟಲಿನ ರಬ್ಬರ್ ರಿಂಗಿನ ಲೆಕ್ಕ ಬೇರೆ. ಅದು ಟೇಪಿನ ಹಾಗೆ ಬಿಗಿಯಿಂದ ನೀರು ತಡೆಯುವುದಿಲ್ಲ. ಸ್ವಲ್ಪ ಅಮುಕಿ ಕೂತರೆ ಸಾಕು, ನೀರಿನ ಒತ್ತಡವೇ ಅದನ್ನು ಸಂದಿಗೆ ತಳ್ಳಿ ಮುಚ್ಚುತ್ತದೆ. ಹಾಗಾಗಿ ಬಟ್ಟಲನ್ನು ಕೈಯಿಂದ ಬಿಗಿ ಮಾಡಿ, ಪಾನಾದಿಂದ ಸ್ವಲ್ಪವೇ ತಿರುಗಿಸಿ. ಆದರೂ ಸೋರಿದರೆ ರಿಂಗು ತಿರುಚಿದೆ ಅಥವಾ ರಿಂಗು ಕೂರುವ ಸಂದಿಯಲ್ಲಿ ಮರಳಿನ ಕಣ ಕೂತಿದೆ. ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ವ್ಯಾಸಲೀನ್, ಅಡುಗೆ ಎಣ್ಣೆ ಬೇಡ. ಕೆಲವು ರಬ್ಬರ್ ಅದರಿಂದ ಉಬ್ಬಿ ಕೆಡುತ್ತದೆ.

ಕೊನೆಯದಾಗಿ ಒತ್ತಡ. ಹೌಸಿಂಗ್ ಮೇಲೆ ಸಾಮಾನ್ಯವಾಗಿ 125 ಪಿಎಸ್‌ಐ ಎಂದಿರುತ್ತದೆ, ಅಂದರೆ ಚದರ ಸೆಂ.ಮೀ.ಗೆ 8.8 ಕೆಜಿ. ನಿಮ್ಮ ಪಂಪಿನ ಪಟ್ಟಿಯಲ್ಲಿ ಹೆಡ್, ಅಂದರೆ ನೀರು ಎತ್ತುವ ಎತ್ತರ, ಎಷ್ಟು ಮೀಟರ್ ಎಂದು ನೋಡಿ. 10 ಮೀಟರಿಗೆ 1 ಕೆಜಿ ಎಂದು ಲೆಕ್ಕ ಹಾಕಿ. ಪಂಪು 40 ಮೀಟರಿನದಾದರೆ 4 ಕೆಜಿ. ಹೌಸಿಂಗ್ ಮೇಲಿನ ಅಂಕಿಗಿಂತ ಇದು ಕಡಿಮೆ, ಚಿಂತೆಯಿಲ್ಲ ಅನಿಸುತ್ತದೆ. ಆದರೆ ಜಂಬೋ ಬಟ್ಟಲಿನ ಒಳಗಿನ ಅಗಲ ಸುಮಾರು 14 ಸೆಂ.ಮೀ. ಅದರ ತಳಕ್ಕೆ 4 ಕೆಜಿ ಒತ್ತಡ ಬಿದ್ದರೆ ಕೆಳಕ್ಕೆ ತಳ್ಳುವ ಬಲ 600 ಕೆಜಿ ದಾಟುತ್ತದೆ. ಅದನ್ನು ತಡೆಯುವುದು ಬಟ್ಟಲಿನ ಥ್ರೆಡ್ ಒಂದೇ. ಮೇಲಿನ ಟಾಕಿಯಲ್ಲಿ ಫ್ಲೋಟ್ ವಾಲ್ವ್ ಇದ್ದು, ಪಂಪು ಓಡುವಾಗಲೇ ಅದು ಮುಚ್ಚಿಕೊಂಡರೆ ಪಂಪಿನ ಪೂರ್ತಿ ಒತ್ತಡ ಹೌಸಿಂಗಿಗೆ ಬರುತ್ತದೆ. ಥಟ್ಟನೆ ಮುಚ್ಚಿದರೆ ನೀರು ಬಡಿದು ಒತ್ತಡ ಕ್ಷಣಕ್ಕೆ ಇನ್ನೂ ಏರುತ್ತದೆ. ಫ್ಲೋಟ್ ವಾಲ್ವ್ ತೆಗೆದು, ನೀರು ತುಂಬಿದಾಗ ಪಂಪನ್ನೇ ನಿಲ್ಲಿಸುವ ಸ್ವಿಚ್ ಹಾಕಿಸಿ.

ಕ್ಯಾಂಡಲ್ ಕಟ್ಟಿಕೊಂಡರೂ ಅದೇ ಕಥೆ. ನಮ್ಮ ಅವಳಿ ನಗರಕ್ಕೆ ಮಲಪ್ರಭಾ ಮತ್ತು ನೀರಸಾಗರದ ನೀರು ಬರುತ್ತದೆ. ಎಷ್ಟೋ ಬಡಾವಣೆಗಳಲ್ಲಿ ನಳ ಕೆಲವು ದಿನಕ್ಕೊಮ್ಮೆ. ಖಾಲಿ ಇದ್ದ ಲೈನಿಗೆ ನೀರು ಬಂದಾಗ ಮೊದಲ ಕೊಡ ಕೆಂಪಗೆ ಬರುವುದು ನಿಮಗೂ ಗೊತ್ತು. ಆ ಮಣ್ಣು ಸಂಪಿಗೆ ಇಳಿದು ಕ್ಯಾಂಡಲ್ ತುಂಬುತ್ತದೆ. ನೀರಿಗೆ ದಾರಿ ಇಲ್ಲದಾಗ ಒತ್ತಡ ಹೌಸಿಂಗಿನಲ್ಲೇ ನಿಲ್ಲುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು ಗಿಡಕ್ಕೆ ಬಿಟ್ಟು, ಆಮೇಲೆ ಸಂಪಿಗೆ ತಿರುಗಿಸಿ. ಹೌಸಿಂಗಿಗಿಂತ ಮೊದಲು ಒಂದು ಒತ್ತಡದ ಗೇಜ್ ಹಾಕಿಸಿದರೆ ಕ್ಯಾಂಡಲ್ ಯಾವಾಗ ಕಟ್ಟಿತು ಅಂತ ಮುಳ್ಳೇ ಹೇಳುತ್ತದೆ.

ಹೌಸಿಂಗಿನ ಆಚೆ ಈಚೆ ಬಾಲ್ ವಾಲ್ವ್ ಮತ್ತು ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಇರಲಿ. ಬಿಚ್ಚುವ ಮೊದಲು ಪಂಪು ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿ, ಹೌಸಿಂಗ್ ತಲೆಯ ಮೇಲಿನ ಕೆಂಪು ಗುಂಡಿ ಒತ್ತಿ ಒತ್ತಡ ಬಿಡಿ. ಈ ಕೆಲಸವನ್ನು ಮಾತ್ರ ಯಾವತ್ತೂ ತಪ್ಪಿಸಬೇಡಿ. ಒತ್ತಡ ಇದ್ದಾಗ ಬಟ್ಟಲು ಕಿತ್ತರೆ ಕಾಲಿನ ಮೇಲೆ ಬೀಳುತ್ತದೆ.

ಎಂ-ಸೀಲ್ ಯಾಕೆ ಬೇಡ ಅಂದೆ ಗೊತ್ತಾ? ಬಣ್ಣದ ಹೌಸಿಂಗ್‌ಗಳು ಬಹಳ ಮಟ್ಟಿಗೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಚ್ಚಿದ ದಿನ ನಿಂತಂತೆ ಕಾಣುತ್ತದೆ, ಆಮೇಲೆ ಅಂಚಿನಿಂದ ಏಳುತ್ತದೆ. ಒಳಗೆ ಸೀಳು ಬೆಳೆಯುತ್ತಿರುವುದು ನಿಮಗೆ ಕಾಣುವುದೇ ಇಲ್ಲ.

ಎಲ್ಲ ಕೂರಿಸಿದ ಮೇಲೆ ಒಬ್ಬರು ಪಂಪಿನ ಸ್ವಿಚ್ ಹಾಕಲಿ, ನೀವು ಹೌಸಿಂಗ್ ತಲೆಯ ಮೇಲೆ ಅಂಗೈ ಇಟ್ಟು ನಿಲ್ಲಿ. ಸಣ್ಣ ನಡುಕ ಬಂದರೆ ಸರಿ. ಅದು ಜಿಗಿದರೆ ಬ್ರ್ಯಾಕೆಟ್ ಇನ್ನೂ ಸಡಿಲ ಇದೆ. ಜಾಯಿಂಟಿನ ಕೆಳಗೆ ಒಣ ಪೇಪರ್ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಮತ್ತು ಬ್ರ್ಯಾಕೆಟ್ ಎರಡರದ್ದೂ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.